ಮಕ್ಕಿ, ಕೊಡ್ಲು, ಕಾನು, ಬೇಣ

ಲಿಂಗನಮಕ್ಕಿ ಎಂದರೆ ಈಗ ಎಲ್ಲರ ಕಣ್ಣಿಗೆ ಬರುವುದು ಶರಾವತಿಯ ಅಣೆಕಟ್ಟು. ನಮ್ಮ ಮಲೆನಾಡಿನಲ್ಲಿ ಮಕ್ಕಿ ಎಂದರೆ ಗುಡ್ಡದ ಮಗ್ಗುಲಿನ, ಬರೀ ಮಳೆಯನ್ನೇ ನಂಬಿದ ಮೇಲುಗದ್ದೆ. ಬೈಲುಗದ್ದೆಯಲ್ಲಿ ನಿಂತ ಹಾಗೆ ಅಲ್ಲಿ ನೀರು ನಿಲ್ಲದು. ಅಂಥ ನೆಲದ ಹೆಸರು 1964ರಿಂದ 151 ಟಿಎಂಸಿ ನೀರಿಗೆ ಅಂಟಿಕೊಂಡಿದೆ. ಸಾಗರ, ಹೊಸನಗರ ಸೀಮೆಯ ಊರುಗಳು ಆ ನೀರಿನಡಿ ಹೋದವು. ಊರಿನ ಹೆಸರಾದರೂ ಕಂದಾಯದ ಕಾಗದದಲ್ಲಿ ಉಳಿಯಿತು. ಗದ್ದೆ, ಹಳ್ಳ ದಾಟಿಸುವ ಸಂಕ, ಕಿರುತೊರೆಗಳಾದ ಸರಲು ಇವುಗಳ ಹೆಸರು ಮನೆಬಿಟ್ಟು ಹೊರಟವರ ಬಾಯಲ್ಲಷ್ಟೇ ಉಳಿಯಿತು. ಅವರೂ ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಪಹಣಿಯಲ್ಲಿ ಸರ್ವೆ ನಂಬರು ಇರುತ್ತದೆ. ಮನೆಯಲ್ಲಿ ಯಾರೂ ನಂಬರು ಹೇಳಿ ದನ ಅಟ್ಟುವುದಿಲ್ಲ. ದನಕ್ಕೆ ಹುಲ್ಲು ಸಿಗುವುದು ಬೇಣ, ದಟ್ಟ ನೆರಳಿನ ಕಾಡು ಕಾನು, ತೋಟಕ್ಕೆ ಸೊಪ್ಪು ತರುವುದು ಸೊಪ್ಪಿನಬೆಟ್ಟ, ಗುಡ್ಡಗಳ ಸಂದಿನ ಕಿರುಬಯಲು ಕೊಡ್ಲು. ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯುತ್ತಿದ್ದ ಅಂಬಾರಗೊಡ್ಲಿನ ಬಾಲದಲ್ಲಿರುವುದೂ ಈ ಕೊಡ್ಲೇ. ಎಲ್ಲಿ ನೀರಿದೆ, ಎಲ್ಲಿ ನೆರಳಿದೆ, ಎಲ್ಲಿ ಬಿತ್ತಬಹುದು ಎಂಬುದನ್ನೆಲ್ಲ ಹೆಸರೇ ಹೇಳುತ್ತದೆ.

ದೊಡ್ಡ ಹೆಸರುಗಳಿಗೆ ಕಾಯುವವರಿದ್ದಾರೆ. ಬಿದಿರಿನ ಊರು ಬಿದನೂರು ಸಂಸ್ಕೃತದಲ್ಲಿ ವೇಣುಪುರವಾಯಿತು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ, ಕೊನೆಗೆ ಬರೀ ನಗರ. ತಾಲ್ಲೂಕು ಕೇಂದ್ರವಾದ ಕಲ್ಲೂರುಕಟ್ಟೆ ಹೊಸನಗರವಾಯಿತು. ಹಳೆಯ ಹೆಸರಿನೊಳಗಿದ್ದ ಕಟ್ಟೆ ಹೊಸದರಲ್ಲಿ ಕಾಣೆಯಾಯಿತು. ಇದೆಲ್ಲ ಚರಿತ್ರೆಯ ಪುಸ್ತಕದಲ್ಲಿ ಸಿಗುತ್ತದೆ. ಶರಾವತಿ ಹುಟ್ಟುವ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥಕ್ಕೆ ರಾಮನ ಬಾಣದ ಕಥೆಯೇ ಕಾವಲು. ಅವಳನ್ನು ಸೇರುವ ಹರಿದ್ರಾವತಿ, ಎಣ್ಣೆಹೊಳೆ, ಮಾವಿನಹೊಳೆಗಳೂ ನಕ್ಷೆಯಲ್ಲಿವೆ. ಮಾವಿನಹೊಳೆಗೆ ಬಂದು ಬೀಳುವ ಸರಲುಗಳನ್ನು ಯಾರು ಬರೆದಿಟ್ಟಾರು?

ಹಿಂದಿನವರು ಬರೆದಿಟ್ಟರು. ದಾನಶಾಸನಗಳಲ್ಲಿ ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಕಲ್ಲು ಎಂದು ನಾಲ್ಕು ದಿಕ್ಕಿನ ಎಲ್ಲೆಯನ್ನೂ ಕೊರೆಸುತ್ತಿದ್ದರು. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಅದಕ್ಕೂ ಮೊದಲು, 1830ರ ದಶಕದಲ್ಲಿ, ಐರ್ಲೆಂಡಿನ ಭೂಮಾಪನದವರಿಗಾಗಿ ಜಾನ್ ಓ ಡೊನೊವನ್ ಎಂಬ ವಿದ್ವಾಂಸ ಊರೂರು ಸುತ್ತಿ, ಗೇಲಿಕ್ ಆಡುವ ಮುದುಕರನ್ನು ಕೇಳಿ ನೆಲದ ಹೆಸರುಗಳನ್ನು ಬರೆದುಕೊಂಡಿದ್ದ. ನಮ್ಮಲ್ಲಿ ಆ ಕೆಲಸ ಒಂದೊಂದು ಹಳ್ಳಿಯ ಶಾಲೆಯಿಂದಲೂ ಆಗಬಹುದು.

ಜಗಲಿಯಲ್ಲಿ ಕೂತು ಕೇಳಿದರೆ ಎಲ್ಲ ಹೆಸರೂ ಬರುವುದಿಲ್ಲ. ಸೊಪ್ಪು ತಂದವರ, ದನ ಕಾದವರ, ನಟ್ಟಿ ಮಾಡಿದ ಹೆಂಗಸರ ಜೊತೆ ನಡೆದೇ ಕೇಳಬೇಕು. ಹಳ್ಳ ದಾಟುವಾಗ ಅವರಿಗೆ ಹೆಸರು ತಾನಾಗಿ ನೆನಪಾಗುತ್ತದೆ. ಅವರು ಅಂದ ಹಾಗೆಯೇ ಬರೆಯಬೇಕು, ತಿದ್ದಬಾರದು. ಕೊಡ್ಲು ಗೊಡ್ಲಾಗಿದ್ದರೆ ಗೊಡ್ಲು ಅಂತಲೇ ಇರಲಿ.

ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. 1948ರಲ್ಲಿ ಬಳಕೆಗೆ ಬಂದು, ಲಿಂಗನಮಕ್ಕಿಯ ನೀರಲ್ಲಿ ತಾನೇ ಮುಳುಗಿದ ಅಣೆಕಟ್ಟು ಅದು. ಅಂಥ ಬೇಸಿಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಬೇಕು. ಒಡೆದ ಕೆಸರಿನ ಮೇಲೆ ನಿಂತು, ಇದು ನಮ್ಮ ಮೇಲಿನ ಮಕ್ಕಿ, ಅದು ಸಂಕದ ಹಳ್ಳ ಎಂದು ಅವರು ಕೈತೋರಿಸುವಾಗ ನಮ್ಮ ಕೈಯಲ್ಲೊಂದು ಪುಸ್ತಕ ಇರಬೇಕು.