ಕುದುರೆ ದಾರಿಯಲ್ಲಿ ಸೈಕಲ್ ಸವಾರಿ: ಇಂಗ್ಲೆಂಡಿನ ಗುಡ್ಡದ ಜಾಡುಗಳು ಮತ್ತು ಒಂದು ಹಳೆಯ ಹಕ್ಕು

ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ ಗ್ರಾಮದ ಬಳಿ 'ಸೌತ್ ಡೌನ್ಸ್ ವೇ' ಎಂಬ ದೀರ್ಘ ಹಾದಿ ಎರಡು ಕವಲಾಗುತ್ತದೆ. ಒಂದು ಕವಲು ಸೆವೆನ್ ಸಿಸ್ಟರ್ಸ್ ಮತ್ತು ಬೀಚಿ ಹೆಡ್ ಎಂಬ ಪ್ರಸಿದ್ಧ ಬಿಳಿ ಕಡಲಬಂಡೆಗಳ ಅಂಚಿನಲ್ಲಿ ಸಾಗಿ ಈಸ್ಟ್‌ಬೋರ್ನ್ ಪಟ್ಟಣವನ್ನು ಸೇರುತ್ತದೆ. ಇನ್ನೊಂದು, ಒಳನಾಡಿನ ಜೆವಿಂಗ್ಟನ್ ಗ್ರಾಮದ ಮೂಲಕ ಅದೇ ಪಟ್ಟಣವನ್ನು ತಲಪುತ್ತದೆ. ನಡೆದು ಬಂದವನಿಗೆ ಎರಡೂ ಮುಕ್ತ. ಸೈಕಲ್ ಏರಿ ಬಂದವನಿಗೆ ಒಳನಾಡಿನ ದಾರಿಯೊಂದೇ ಗತಿ. ಕಡಲಂಚಿನ ದಾರಿ ನಕ್ಷೆಯಲ್ಲಿ ಪಾದಚಾರಿ ಮಾರ್ಗವೆಂದೂ ಒಳನಾಡಿನದು ಕುದುರೆ ಸವಾರಿಯ ಮಾರ್ಗವೆಂದೂ ದಾಖಲಾಗಿರುವುದೇ ಇದಕ್ಕೆ ಕಾರಣ.

ಹಸಿರು ದಿಬ್ಬಗಳು, ಕುರಿಮಂದೆಗಳು, ಬೇಲಿ ಸಾಲುಗಳ ನಡುವೆ ಹಾವಿನಂತೆ ಹರಿಯುವ ಇಂಗ್ಲೆಂಡಿನ ಹಳ್ಳಿದಾರಿಗಳು ಮೌಂಟನ್ ಬೈಕ್ ಸವಾರರ ಪಾಲಿಗೆ ಬಹುದೊಡ್ಡ ಆಕರ್ಷಣೆ. ಆದರೆ ಅಲ್ಲಿ ಯಾವ ದಾರಿಯಲ್ಲಿ ಚಕ್ರ ಉರುಳಬಹುದು ಎಂಬುದನ್ನು ತೀರ್ಮಾನಿಸುವುದು ಸವಾರನ ಸಾಮರ್ಥ್ಯವಲ್ಲ, ಕಾನೂನು.

ಸೈಕಲ್‌ಗಿಂತ ಮೊದಲು ಬಂದ ಕಾಯ್ದೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 'ಬ್ರೈಡಲ್‌ವೇ' ಎಂದರೆ ನಡೆದು ಹೋಗಲು, ಕುದುರೆ ಏರಿ ಹೋಗಲು ಅಥವಾ ಅದನ್ನು ನಡೆಸಿಕೊಂಡು ಹೋಗಲು ಸಾರ್ವಜನಿಕರಿಗೆ ಹಕ್ಕಿರುವ ದಾರಿ. ದಾರಿ ಹಾದುಹೋಗುವ ನೆಲ ಬಹುತೇಕ ಖಾಸಗಿಯವರದೇ. ಹಾದುಹೋಗುವ ಹಕ್ಕು ಮಾತ್ರ ಎಲ್ಲರದು. 1968ರ ಗ್ರಾಮಾಂತರ ಕಾಯ್ದೆಯ 30ನೇ ಸೆಕ್ಷನ್ ಈ ಹಕ್ಕನ್ನು ಸೈಕಲ್ ಸವಾರರಿಗೂ ವಿಸ್ತರಿಸಿತು. ಜೊತೆಗೆ ಎರಡು ಮಾತುಗಳನ್ನು ಸೇರಿಸಿತು. ಸೈಕಲ್ ಸವಾರರು ಪಾದಚಾರಿಗಳಿಗೂ ಕುದುರೆ ಸವಾರರಿಗೂ ದಾರಿ ಬಿಟ್ಟುಕೊಡಬೇಕು. ಸೈಕಲ್ ಓಡಿಸಲು ಅನುಕೂಲವಾಗುವಂತೆ ದಾರಿಯನ್ನು ಸುಧಾರಿಸುವ ಹೊಣೆ ಸ್ಥಳೀಯ ಆಡಳಿತದ್ದಲ್ಲ.

ಈ ಕಾಯ್ದೆ ಬಂದಾಗ ಮೌಂಟನ್ ಬೈಕ್ ಹುಟ್ಟಿರಲೇ ಇಲ್ಲ ಎಂಬುದು ಗಮನಾರ್ಹ. ಆಗಿನ ಹಳ್ಳಿದಾರಿಗಳ ಸವಾರರು ಸಾಮಾನ್ಯ ಸೈಕಲ್‌ಗಳಲ್ಲಿ ತಿರುಗುತ್ತಿದ್ದ ಪ್ರವಾಸಿಗರು. ಕಲ್ಲು-ಕೆಸರಿನ ದಾರಿಗಳನ್ನೇ ಹುಡುಕಿ ಹೋಗುವ ಹವ್ಯಾಸಿಗಳು 'ರಫ್ ಸ್ಟಫ್ ಫೆಲೋಶಿಪ್' ಎಂಬ ಸಂಘವನ್ನು 1955ರಷ್ಟು ಹಿಂದೆಯೇ ಕಟ್ಟಿಕೊಂಡಿದ್ದರು. ದಪ್ಪ ಚಕ್ರದ ಹಳೆಯ ಸೈಕಲ್‌ಗಳನ್ನು ಗುಡ್ಡದ ಇಳಿಜಾರಿಗೆ ಒಗ್ಗಿಸುವ ಪ್ರಯೋಗ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ನಡೆದದ್ದು 1970ರ ದಶಕದಲ್ಲಿ. 1980ರ ದಶಕದಲ್ಲಿ ಈ ಸೈಕಲ್ ಬ್ರಿಟನ್ನಿನ ಮಾರುಕಟ್ಟೆಗೆ ಬಂದಾಗ, ಅದಕ್ಕೆ ಬೇಕಾದ ಸಾವಿರಾರು ಕಿಲೋಮೀಟರ್ ದಾರಿ ಕಾನೂನಿನ ಬಲದಿಂದ ಆಗಲೇ ತೆರೆದಿತ್ತು.

ಮೌಂಟನ್ ಬೈಕಿಂಗ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನ ಸ್ಪರ್ಧೆ ಎಸೆಕ್ಸ್‌ನ ಹ್ಯಾಡ್ಲಿ ಫಾರ್ಮ್‌ನಲ್ಲಿ ನಡೆಯಿತು. ಯಾರ್ಕ್‌ಷೈರ್‌ನ ಟಾಮ್ ಪಿಡ್‌ಕಾಕ್ ಟೋಕಿಯೊ ಮತ್ತು 2024ರ ಪ್ಯಾರಿಸ್ ಕೂಟಗಳೆರಡರಲ್ಲೂ ಚಿನ್ನ ಗೆದ್ದರು.

ನಾಲ್ಕು ಬಗೆಯ ದಾರಿ, ನಾಲ್ಕು ಬಣ್ಣದ ಬಾಣ

ಇಂಗ್ಲೆಂಡಿನ ಸಾರ್ವಜನಿಕ ಹಕ್ಕಿನ ಹಳ್ಳಿದಾರಿಗಳಲ್ಲಿ ನಾಲ್ಕು ವರ್ಗಗಳಿವೆ. ಮೊದಲನೆಯದು ನಡೆದು ಹೋಗಲು ಮಾತ್ರ ಇರುವ ಫುಟ್‌ಪಾತ್. ನಮ್ಮ ನಗರಗಳ ರಸ್ತೆಬದಿಯ ಕಟ್ಟೆಯಲ್ಲ. ಹೊಲ, ಹುಲ್ಲುಗಾವಲು, ಕಾಡಿನ ನಡುವೆ ಹಾಯುವ ಕಾಲುದಾರಿ. ಇದರ ಗುರುತು ಹಳದಿ ಬಾಣ. ಬ್ರೈಡಲ್‌ವೇಗೆ ನೀಲಿ ಬಾಣ. ಮೋಟಾರು ವಾಹನಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಅವಕಾಶವಿರುವ 'ರಿಸ್ಟ್ರಿಕ್ಟೆಡ್ ಬೈವೇ'ಗೆ ನೇರಳೆ ಬಾಣ. ಎಲ್ಲ ವಾಹನಗಳಿಗೂ ತೆರೆದ ಬೈವೇಗೆ ಕೆಂಪು ಬಾಣ. ಸೈಕಲ್‌ಗೆ ಹಕ್ಕಿರುವುದು ಕೊನೆಯ ಮೂರರಲ್ಲಿ.

ಇಂಗ್ಲೆಂಡಿನಲ್ಲಿ ದಾಖಲಾದ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 1,88,000 ಕಿ.ಮೀ. ಅದರಲ್ಲಿ ಸುಮಾರು 1,46,000 ಕಿ.ಮೀ. ಫುಟ್‌ಪಾತ್. ಅಂದರೆ ಸೈಕಲ್ ಸವಾರರ ಪಾಲಿಗೆ ಉಳಿಯುವುದು ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು.

ಬಾಣ ಕಾಣದಿದ್ದರೂ ದಾರಿಯ ಬಾಗಿಲು ನೋಡಿ ವರ್ಗವನ್ನು ಊಹಿಸಬಹುದು. ಫುಟ್‌ಪಾತ್ ಬೇಲಿಯನ್ನು ದಾಟುವಲ್ಲಿ ಮಲೆನಾಡಿನ ತಡಮೆಯನ್ನು ಹೋಲುವ, ಮನುಷ್ಯರು ಮಾತ್ರ ಹತ್ತಿಳಿಯಬಲ್ಲ ಮರದ ಮೆಟ್ಟಿಲಿರುವುದು ಸಾಮಾನ್ಯ. ಬ್ರೈಡಲ್‌ವೇಯಲ್ಲಿ ಕುದುರೆಯ ಮೇಲೆ ಕುಳಿತೇ ತೆರೆಯಬಹುದಾದ ಗೇಟು ಇರುತ್ತದೆ. ಸರ್ಕಾರಿ ನಕ್ಷಾ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ 1:25,000 ಪ್ರಮಾಣದ ನಕ್ಷೆಗಳಲ್ಲಿ ಫುಟ್‌ಪಾತ್‌ಗೆ ಚಿಕ್ಕ ಹಸಿರು ಗೆರೆಗಳು, ಬ್ರೈಡಲ್‌ವೇಗೆ ಉದ್ದನೆಯ ಹಸಿರು ಗೆರೆಗಳು. ಅನುಭವಿ ಸವಾರರು ಮನೆ ಬಿಡುವ ಮೊದಲೇ ಉದ್ದ ಗೆರೆಗಳನ್ನು ಜೋಡಿಸಿಕೊಂಡು ದಾರಿ ರೂಪಿಸುತ್ತಾರೆ.

ಹಕ್ಕಿಲ್ಲದೆ ಫುಟ್‌ಪಾತ್‌ನಲ್ಲಿ ಸೈಕಲ್ ಓಡಿಸುವುದು ಸಾಮಾನ್ಯವಾಗಿ ಅಪರಾಧವಲ್ಲ. ಭೂಮಾಲೀಕನ ವಿರುದ್ಧದ ಸಿವಿಲ್ ಸ್ವರೂಪದ ಅತಿಕ್ರಮ ಪ್ರವೇಶ. ಸ್ಥಳೀಯ ಉಪನಿಯಮಗಳ ನಿರ್ಬಂಧ ಇರುವಲ್ಲಿ ಮಾತು ಬೇರೆ.

ಸುಣ್ಣದ ಬೆನ್ನೇಣಿನ ಮೇಲೆ 160 ಕಿ.ಮೀ.

ಈ ಹಕ್ಕಿನ ಪೂರ್ಣ ಫಲವನ್ನು ಕಾಣಬೇಕಾದರೆ ಸೌತ್ ಡೌನ್ಸ್ ವೇಗೆ ಹೋಗಬೇಕು. ಹ್ಯಾಂಪ್‌ಷೈರ್‌ನ ವಿಂಚೆಸ್ಟರ್ ನಗರದಿಂದ ಈಸ್ಟ್‌ಬೋರ್ನ್‌ವರೆಗೆ ಇದರ ಉದ್ದ ಸುಮಾರು 160 ಕಿ.ಮೀ. 1972ರಲ್ಲಿ ಉದ್ಘಾಟನೆಯಾದಾಗ ಪಶ್ಚಿಮದಲ್ಲಿ ಬ್ಯುರಿಟನ್‌ವರೆಗಷ್ಟೇ ಇದ್ದ ಹಾದಿಯನ್ನು ನಂತರ ವಿಂಚೆಸ್ಟರ್‌ಗೆ ವಿಸ್ತರಿಸಲಾಯಿತು. ಕೆಲವೆಡೆ ಪರ್ಯಾಯ ದಾರಿ ಹಿಡಿಯಬೇಕಾದರೂ ಬಹುತೇಕ ಉದ್ದಕ್ಕೂ ಸೈಕಲ್‌ಗೆ ಅವಕಾಶವಿದೆ. 2010ರಲ್ಲಿ ಈ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಇಲ್ಲಿನ ಗುಡ್ಡಗಳು ಎತ್ತರದವಲ್ಲ. ಬಟ್ಸರ್ ಹಿಲ್ ಸುಮಾರು 270 ಮೀಟರ್, ಡಿಚ್ಲಿಂಗ್ ಬೀಕನ್ 248 ಮೀಟರ್. ಆದರೆ ಮಿಯೊನ್, ಅರುನ್, ಆಡುರ್, ಊಸ್, ಕಕ್‌ಮಿಯರ್ ನದಿಗಳು ಗುಡ್ಡಸಾಲನ್ನು ಅಡ್ಡಲಾಗಿ ಸೀಳಿವೆ. ಪ್ರತಿ ಕಣಿವೆಗೂ ಇಳಿದು ಮತ್ತೆ ಏರಬೇಕು. ಹೀಗೆ ಏರಿದ್ದನ್ನೆಲ್ಲ ಕೂಡಿದರೆ ಒಟ್ಟು ಏರು ಸುಮಾರು 4,000 ಮೀಟರ್ ತಲಪುತ್ತದೆ. ಹೆಚ್ಚಿನವರು ಎರಡು-ಮೂರು ದಿನಗಳಲ್ಲಿ ಮುಗಿಸುವ ಈ ಯಾನವನ್ನು ಒಂದೇ ಹಗಲಿನಲ್ಲಿ ಪೂರೈಸುವ ಛಲಗಾರರೂ ಇದ್ದಾರೆ.

ನೆಲ ಸೀಮೆಸುಣ್ಣದ ಕಲ್ಲು. ನೀರು ಬೇಗ ಇಂಗುವುದರಿಂದ, ಕೆಳಗಿನ ವೀಲ್ಡ್ ಪ್ರದೇಶದ ಜೇಡಿಮಣ್ಣಿನ ದಾರಿಗಳು ಚಳಿಗಾಲದಲ್ಲಿ ಕೆಸರುಗುಂಡಿಯಾದಾಗಲೂ ಬೆನ್ನೇಣಿನ ಮೇಲೆ ಸವಾರಿ ಸಾಧ್ಯ. ಆದರೆ ಒದ್ದೆಯಾದ ಸುಣ್ಣ ಸೋಪಿನಂತೆ ಜಾರುತ್ತದೆ. ಅದರಲ್ಲಿ ಹುದುಗಿರುವ ಚಕಮಕಿ ಕಲ್ಲಿನ ಚೂರುಗಳು ಟೈರನ್ನು ಸೀಳುತ್ತವೆ. ನೆರಳು ಅಪರೂಪ. ಗುಡ್ಡದ ನೆತ್ತಿಯಲ್ಲಿ ಮಳೆನೀರು ನಿಲ್ಲದ ಕಾರಣ ಕುಡಿಯುವ ನೀರಿನ ನಲ್ಲಿಗಳು ಎಲ್ಲಿವೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಇದೇ ಸುಣ್ಣದ ಸೀಮೆಯ ಇನ್ನೊಂದು ಪ್ರಾಚೀನ ಮಾರ್ಗ 'ದಿ ರಿಜ್‌ವೇ'. ವಿಲ್ಟ್‌ಷೈರ್‌ನ ಓವರ್ಟನ್ ಹಿಲ್‌ನಿಂದ ಥೇಮ್ಸ್ ದಂಡೆಯವರೆಗಿನ ಅದರ ಪಶ್ಚಿಮಾರ್ಧ ಸೈಕಲ್‌ಗೆ ಮುಕ್ತ. ಪೂರ್ವಾರ್ಧದ ಹೆಚ್ಚಿನ ಭಾಗ ಫುಟ್‌ಪಾತ್. ಉತ್ತರದಲ್ಲಿ ಕುದುರೆ ಸವಾರರನ್ನು ಗಮನದಲ್ಲಿರಿಸಿಕೊಂಡೇ ರೂಪಿಸಿದ ಪೆನ್ನೈನ್ ಬ್ರೈಡಲ್‌ವೇ ಸೈಕಲ್ ಸವಾರರಿಗೂ ತೆರೆದಿದೆ.

ಹಕ್ಕಿನೊಡನೆ ಬರುವ ಹೊಣೆ

ಇವೆಲ್ಲ ಕ್ರೀಡಾಂಗಣಗಳಲ್ಲ, ದುಡಿಯುವ ಹೊಲಗಳು. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಮುಂದೆ ಸಾಗಬೇಕೆಂಬುದು ಮೊದಲ ಪಾಠ. ಹೊಲದ ನಡುವೆ ಹಾಯುವ ಬ್ರೈಡಲ್‌ವೇಯನ್ನು ರೈತ ಉಳಬಹುದು. ಆದರೆ 1990ರ ಕಾಯ್ದೆಯ ಪ್ರಕಾರ ಬಿತ್ತನೆಗಾಗಿ ಮೊದಲ ಬಾರಿ ಉತ್ತ 14 ದಿನಗಳೊಳಗೆ ಕನಿಷ್ಠ 2 ಮೀಟರ್ ಅಗಲದ ದಾರಿಯನ್ನು ಮತ್ತೆ ಹದಗೊಳಿಸಿ ಕೊಡಬೇಕು. 2001ರಲ್ಲಿ ಕಾಲುಬಾಯಿ ಜ್ವರ ಹರಡಿದಾಗ ದೇಶದ ಗ್ರಾಮಾಂತರ ದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಲಾಗಿತ್ತು.

ಕುದುರೆಯ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಕಂಡು ಬೆದರಿದ ಕುದುರೆ ತನ್ನ ಸವಾರನನ್ನು ಕೆಡವಬಹುದು. ಆದ್ದರಿಂದ ದೂರದಲ್ಲೇ ವೇಗ ತಗ್ಗಿಸಿ, ಮಾತನಾಡಿಸಿ, ಅಗತ್ಯವಿದ್ದರೆ ಇಳಿದು, ಸಾಕಷ್ಟು ಅಂತರ ಬಿಟ್ಟು ದಾಟುವುದು ರೂಢಿ. ಸಾರ್ವಜನಿಕ ದಾರಿಯಲ್ಲಿ ಅನುಮತಿಯಿಲ್ಲದೆ ಪಂದ್ಯ ನಡೆಸುವುದು ಅಪರಾಧ. ಪೆಡಲ್ ತುಳಿದಾಗ ನೆರವಾಗುವ, 250 ವ್ಯಾಟ್ ಮಿತಿಯ ವಿದ್ಯುತ್ ಸೈಕಲ್‌ಗಳನ್ನು ನಿಯಮಕ್ಕೆ ಒಳಪಟ್ಟಿದ್ದರೆ ಸಾಮಾನ್ಯ ಸೈಕಲ್‌ನಂತೆಯೇ ಪರಿಗಣಿಸಲಾಗುತ್ತದೆ.

ನಕ್ಷೆಯಿಂದ ಹೊರಗುಳಿದ ದಾರಿಗಳು

ಯಾವ ದಾರಿ ಯಾವ ವರ್ಗಕ್ಕೆ ಎಂಬ ದಾಖಲೆ ಆರಂಭವಾದದ್ದು 1949ರ ಕಾಯ್ದೆಯಿಂದ. ಗ್ರಾಮ ಮಟ್ಟದ ಪ್ಯಾರಿಷ್ ಕೌನ್ಸಿಲ್‌ಗಳು ತಮ್ಮ ವ್ಯಾಪ್ತಿಯ ದಾರಿಗಳನ್ನು ಗುರುತಿಸಿದವು. ಕೌಂಟಿ ಕೌನ್ಸಿಲ್‌ಗಳು ಅಧಿಕೃತ ನಕ್ಷೆ ಸಿದ್ಧಪಡಿಸಿದವು. ಒಂದೊಂದು ಊರಿನ ಶ್ರದ್ಧೆ, ತಿಳಿವಳಿಕೆ ಒಂದೊಂದು ಬಗೆಯದಾಗಿತ್ತು. ಹೀಗಾಗಿ ಒಂದೇ ಹಳೆಯ ದಾರಿ ಈ ಊರಿನಲ್ಲಿ ಬ್ರೈಡಲ್‌ವೇ ಆಗಿದ್ದು, ಮುಂದಿನ ಊರಿನ ಗಡಿಯಲ್ಲಿ ಫುಟ್‌ಪಾತ್ ಆಗಿಬಿಡುವ ವಿಚಿತ್ರಗಳು ಇಂದಿಗೂ ಇವೆ. ದಾಖಲೆಗೇ ಬಾರದೆ ಉಳಿದ ದಾರಿಗಳೂ ಇವೆ.

ಇಂಥ ಐತಿಹಾಸಿಕ ದಾರಿಗಳ ಮೇಲಿನ ಹಕ್ಕನ್ನು ಸಾಬೀತುಪಡಿಸಲು 2000ದ ಕಾಯ್ದೆ 2026ರ ಜನವರಿ 1ರ ಗಡುವು ವಿಧಿಸಿತ್ತು. 2023ರಲ್ಲಿ ಗಡುವನ್ನು 2031ಕ್ಕೆ ಮುಂದೂಡಲಾಯಿತು. ಗಡುವನ್ನೇ ರದ್ದುಗೊಳಿಸುವ ಉದ್ದೇಶವನ್ನು ಸರ್ಕಾರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಈ ನಡುವೆ ನಡಿಗೆ, ಕುದುರೆ ಹಾಗೂ ಸೈಕಲ್ ಸಂಘಗಳ ಸ್ವಯಂಸೇವಕರು ಹಳೆಯ ಭೂದಾಖಲೆ, ತೆರಿಗೆ ನಕ್ಷೆಗಳನ್ನು ತಡಕಿ ಅರ್ಜಿ ಸಲ್ಲಿಸುತ್ತ ಬಂದಿದ್ದಾರೆ.

ನೆರೆಯ ಸ್ಕಾಟ್ಲೆಂಡ್ ಬೇರೆಯೇ ದಾರಿ ಹಿಡಿದಿದೆ. ಅಲ್ಲಿನ 2003ರ ಭೂಸುಧಾರಣಾ ಕಾಯ್ದೆಯು ಜವಾಬ್ದಾರಿಯಿಂದ ವರ್ತಿಸುವ ಷರತ್ತಿನ ಮೇಲೆ ಬಹುತೇಕ ಭೂಮಿಯಲ್ಲಿ ನಡೆಯಲೂ ಸೈಕಲ್ ಓಡಿಸಲೂ ಎಲ್ಲರಿಗೂ ಹಕ್ಕು ನೀಡಿದೆ. ಇಂಗ್ಲೆಂಡಿನಲ್ಲೂ ಅಂಥ ವ್ಯವಸ್ಥೆ ಬರಲಿ ಎಂಬುದು ಸೈಕಲ್ ಸವಾರರ ಬಹುದಿನಗಳ ಬೇಡಿಕೆ. ಕಿರಿದಾದ ಕಾಲುದಾರಿಗಳಲ್ಲಿ ತಮ್ಮ ನೆಮ್ಮದಿ ಕೆಡುವುದೆಂಬ ಆತಂಕ ಪಾದಚಾರಿಗಳಲ್ಲಿ ಕೆಲವರದು. ದನಕರು ಮತ್ತು ಬೆಳೆಯ ಚಿಂತೆ ರೈತರದು. ಈ ವಾದ ಮುಗಿಯುವವರೆಗೆ ಆಲ್‌ಫ್ರಿಸ್ಟನ್‌ನಿಂದ ಮುಂದೆ ಸಾಗುವ ಸೈಕಲ್ ಸವಾರ ನೀಲಿ ಬಾಣವನ್ನೇ ಅನುಸರಿಸಬೇಕು. ಬಿಳಿ ಬಂಡೆಗಳ ಅಂಚನ್ನು ನೋಡುವ ಆಸೆಯಿದ್ದರೆ, ಈಸ್ಟ್‌ಬೋರ್ನ್‌ನಲ್ಲಿ ಸೈಕಲ್ ನಿಲ್ಲಿಸಿ ನಡೆದು ಹೋಗಬೇಕು.