ಕಲಾ ಸಂಗ್ರಹಾಲಯದಲ್ಲಿ ಒಂದು ಶಸ್ತ್ರಚಿಕಿತ್ಸೆ

ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯಕ್ಕೆ ಬರುವ ಪ್ರವಾಸಿಗರಲ್ಲಿ ಹಲವರು ಅದರ ಎದುರಿನ 72 ಮೆಟ್ಟಿಲುಗಳನ್ನು ‘ರಾಕಿ’ ಚಲನಚಿತ್ರದ ನಾಯಕನಂತೆ ಓಡಿ ಹತ್ತಿ, ಫೋಟೋ ತೆಗೆಸಿಕೊಂಡು, ಒಳಗೆ ಕಾಲಿಡದೆಯೇ ಹಿಂದಿರುಗುತ್ತಾರೆ. ಒಳಹೊಕ್ಕ ನಮ್ಮವರನ್ನು ಸೆಳೆಯುವುದು ಮದುರೆಯ ಮದನಗೋಪಾಲಸ್ವಾಮಿ ದೇವಾಲಯದಿಂದ ಬಂದ ಕಂಬಗಳ ಮಂಟಪ. ಹದಿನಾರನೆಯ ಶತಮಾನದ ಈ ಗ್ರಾನೈಟ್ ಕಂಬಗಳನ್ನು 1912ರಲ್ಲಿ ಅಡಲೀನ್ ಪೆಪ್ಪರ್ ಗಿಬ್ಸನ್ ಎಂಬಾಕೆ ಮದುರೆಯಲ್ಲಿ ಕೊಂಡರು. 1919ರಲ್ಲಿ ಅವು ಸಂಗ್ರಹಾಲಯಕ್ಕೆ ದಾನವಾಗಿ ಸಂದವು. ಹಂಪಿಯನ್ನು ಕಂಡವರಿಗೆ ಅವು ಅಪರಿಚಿತವೆನಿಸವು. ಆದರೆ ವೈದ್ಯನಾದ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಕರೆದೊಯ್ದದ್ದು ಬೇರೊಂದು ಕೃತಿ.

ಅದು ಥಾಮಸ್ ಈಕಿನ್ಸ್ 1875ರಲ್ಲಿ ರಚಿಸಿದ, ಸುಮಾರು ಎಂಟು ಅಡಿ ಎತ್ತರದ ತೈಲಚಿತ್ರ ‘ದಿ ಗ್ರಾಸ್ ಕ್ಲಿನಿಕ್’. ಜೆಫರ್ಸನ್ ವೈದ್ಯಕೀಯ ಕಾಲೇಜಿನ ಎಪ್ಪತ್ತರ ವಯಸ್ಸಿನ ಶಸ್ತ್ರವೈದ್ಯ ಸ್ಯಾಮುಯೆಲ್ ಗ್ರಾಸ್, ರಕ್ತಸಿಕ್ತ ಬೆರಳುಗಳಲ್ಲಿ ಶಸ್ತ್ರ ಹಿಡಿದು, ವಿದ್ಯಾರ್ಥಿಗಳಿಗೆ ಪಾಠ ಹೇಳಲು ಅರೆಗಳಿಗೆ ಹೊರಳಿ ನಿಂತಿದ್ದಾರೆ. ರೋಗಿಯ ತೊಡೆಯ ಮೂಳೆಗೆ ಸೋಂಕು ತಗುಲಿದೆ. ಹಿಂದೆ ಇಂಥ ರೋಗಕ್ಕೆ ಕಾಲನ್ನೇ ಕತ್ತರಿಸುವುದಿತ್ತು. ಇಲ್ಲಿ ಸತ್ತ ಮೂಳೆಯನ್ನಷ್ಟೇ ತೆಗೆದು ಕಾಲನ್ನು ಉಳಿಸಲಾಗುತ್ತಿದೆ. ಅರಿವಳಿಕೆಯೂ ಉಂಟು. ಆದರೆ ಕೈಗವಸಿಲ್ಲ, ಮುಖಗವಸಿಲ್ಲ. ಎಲ್ಲರೂ ಕಪ್ಪು ಕೋಟಿನಲ್ಲೇ ಇದ್ದಾರೆ. ಮರುವರ್ಷ ಜೋಸೆಫ್ ಲಿಸ್ಟರ್ ಇದೇ ನಗರಕ್ಕೆ ಬಂದು ಕಾರ್ಬಾಲಿಕ್ ಆಮ್ಲದ ನಂಜುನಿರೋಧಕ ವಿಧಾನವನ್ನು ವಿವರಿಸಿದಾಗ, ಆ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದ ಅಧ್ಯಕ್ಷರು ಇದೇ ಗ್ರಾಸ್, ಅವರಿಗದು ಒಪ್ಪಿಗೆಯಾಗಲಿಲ್ಲ. ಈಕಿನ್ಸ್ 1889ರಲ್ಲಿ ಬರೆದ ‘ದಿ ಆಗ್ನ್ಯೂ ಕ್ಲಿನಿಕ್’ನಲ್ಲಿ ಶಸ್ತ್ರವೈದ್ಯರೆಲ್ಲ ಬಿಳಿಯುಡುಪಿನಲ್ಲಿದ್ದಾರೆ. ಹದಿನಾಲ್ಕು ವರ್ಷಗಳಲ್ಲಿ ವೈದ್ಯಶಾಸ್ತ್ರ ನಡೆದ ದೂರವನ್ನು ಪಠ್ಯಪುಸ್ತಕಕ್ಕಿಂತ ಈ ಎರಡು ಚಿತ್ರಗಳೇ ಚೆನ್ನಾಗಿ ತೋರುತ್ತವೆ.

ನಾನು ಮೊದಲ ಸಲ ಕಂಡಾಗ ನೇರವಾಗಿ ಗಾಯವನ್ನೇ ನೋಡಿದೆ: ಛೇದನದ ಉದ್ದ, ಅಂಚನ್ನು ಹಿಡಿದ ಕೊಕ್ಕೆಗಳು, ಸಹಾಯಕರ ಕೈಗಳು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಆ ಹೆಂಗಸು ಯಾರು?” ಎಡಮೂಲೆಯಲ್ಲಿ ಕಪ್ಪುಡುಗೆಯ ಹೆಂಗಸೊಬ್ಬಳು ಬೆರಳುಗಳನ್ನು ಸೆಟೆಸಿ ಮುಖ ಮರೆಸಿಕೊಂಡಿದ್ದಾಳೆ. ಆಕೆಯನ್ನು ರೋಗಿಯ ತಾಯಿಯೆಂದೇ ಸಾಮಾನ್ಯವಾಗಿ ಗುರುತಿಸುತ್ತಾರೆ. ನಾನು ಆಕೆಯನ್ನು ಗಮನಿಸಿಯೇ ಇರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ, ಆಪರೇಷನ್ ಥಿಯೇಟರಿನ ಬಾಗಿಲ ಬಳಿ ಸೆರಗು ಬಾಯಿಗೊತ್ತಿ ಕುಳಿತಿರುತ್ತಿದ್ದ ತಾಯಂದಿರನ್ನು ದಾಟಿಯೇ ದಿನವೂ ಒಳಹೋಗುತ್ತಿದ್ದೆ. ಅವರಲ್ಲಿ ಒಬ್ಬರ ಮುಖವೂ ಈಗ ನೆನಪಿಲ್ಲ. ಅವರ ಮಕ್ಕಳ ರೋಗಗಳು ಮಾತ್ರ ನೆನಪಿವೆ.

1876ರ ಶತಮಾನೋತ್ಸವ ಪ್ರದರ್ಶನದ ಕಲಾವಿಭಾಗ ಈ ಚಿತ್ರವನ್ನು ನಿರಾಕರಿಸಿತು. ಕೊನೆಗೆ ಅದನ್ನು ತೂಗುಹಾಕಿದ್ದು ಸೇನಾ ಆಸ್ಪತ್ರೆಯ ಮಾದರಿಯೊಳಗೆ, ಹಾಸಿಗೆಗಳ ನಡುವೆ. ವಿಚಿತ್ರವೆಂದರೆ, ಅಂದು ಕಲಾಕೃತಿಗಳಿದ್ದ ಮೆಮೋರಿಯಲ್ ಹಾಲ್ ಕಟ್ಟಡವೇ ಮುಂದೆ ಈ ಸಂಗ್ರಹಾಲಯದ ಮೊದಲ ಮನೆಯಾಯಿತು. ಜೆಫರ್ಸನ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳು 1878ರಲ್ಲಿ ಚಿತ್ರಕ್ಕೆ ಕೊಟ್ಟದ್ದು 200 ಡಾಲರ್. 2006ರಲ್ಲಿ ಆ ವಿಶ್ವವಿದ್ಯಾಲಯ ಅದನ್ನು 6.8 ಕೋಟಿ ಡಾಲರಿಗೆ ಹೊರಗಿನವರಿಗೆ ಮಾರಲು ಹೊರಟಾಗ ನಗರವೇ ಎದ್ದು ನಿಂತಿತು. ಅಷ್ಟೇ ಹಣ ಹೊಂದಿಸಲು ಇದ್ದ ಗಡುವು 45 ದಿನ. ಸಂಗ್ರಹಾಲಯವೂ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಯೂ ಜೊತೆಗೂಡಿ ಅದನ್ನು ಉಳಿಸಿಕೊಂಡವು. ಅದಕ್ಕಾಗಿ ತಮ್ಮಲ್ಲಿದ್ದ ಈಕಿನ್ಸ್‌ನ ಬೇರೆ ಕೃತಿಗಳನ್ನು ಮಾರಬೇಕಾಯಿತು. ಒಂದು ಅಂಗವನ್ನು ಉಳಿಸಲು ಇನ್ನೊಂದನ್ನು ಬಿಟ್ಟುಕೊಡುವ ಈ ಲೆಕ್ಕಾಚಾರ ವೈದ್ಯರಿಗೆ ಹೊಸತಲ್ಲವಾದರೂ ನನಗೆ ಇಂದಿಗೂ ಕಸಿವಿಸಿಯೇ.

ಚಿತ್ರ ಎರಡೂ ಸಂಸ್ಥೆಗಳಿಗೆ ಸೇರಿದ್ದರಿಂದ ಒಂದೇ ಕಡೆ ಇರುವುದಿಲ್ಲ. ಹೊರಡುವ ಮುನ್ನ ಸದ್ಯ ಎಲ್ಲಿದೆಯೆಂದು ವಿಚಾರಿಸಿಕೊಳ್ಳಿ. ಸಾಧ್ಯವಾದರೆ ವೈದ್ಯರಲ್ಲದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.