‘ಬರೆದಾಯಿತು’ ಎಂಬ ಮಾತು

ಸಾಮಾಜಿಕ ಜಾಲತಾಣವೊಂದು ಕೆಲಹೊತ್ತು ನಿಂತುಹೋದರೆ ನಾವು ನಾಲ್ಕು ಮಾತು ಬೈದು ಸುಮ್ಮನಾಗುತ್ತೇವೆ. ಮತ್ತೆ ತೆರೆದುಕೊಂಡಿತೆಂದರೆ ನಿಂತಿದ್ದುದನ್ನೇ ಮರೆತುಬಿಡುತ್ತೇವೆ. ಆ ನಡುವಿನ ಹೊತ್ತಿನಲ್ಲಿ ಒಳಗೆ ಏನು ನಡೆಯಿತೆಂದು ಕೇಳುವವರು ಕಡಮೆ. ನನಗಾದರೋ ಅದೇ ಬಹುದಿನದ ಕುತೂಹಲ. ಕಾಳಗಗಳಿಗೂ ಪಟ್ಟಾಭಿಷೇಕಗಳಿಗೂ ಇತಿಹಾಸಕಾರರು ಸಿಕ್ಕಿಯೇ ಸಿಗುತ್ತಾರೆ. ದುರಸ್ತಿಯ ಕೆಲಸಕ್ಕೆ ಸಿಗುವವರು ವಿರಳ. ಆದುದರಿಂದ ಅಂಥ ಒಂದು ದುರಸ್ತಿಯ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ.

1999ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಎಂಬ ತರುಣನು ‘ಲೈವ್‌ಜರ್ನಲ್’ ಎಂಬ ತಾಣವನ್ನು ತೆರೆದನು. ಶಾಲೆಯ ಗೆಳೆಯರಿಗೆ ತನ್ನ ಸಮಾಚಾರ ತಿಳಿಯುತ್ತಿರಲಿ ಎಂಬುದಷ್ಟೇ ಅವನ ಉದ್ದೇಶ. ಫೇಸ್‌ಬುಕ್ ಹುಟ್ಟಲು ಇನ್ನೂ 5 ವರ್ಷ ಇತ್ತು. ಒಬ್ಬರ ದಿನಚರಿಯನ್ನು ಇನ್ನೊಬ್ಬರು ಓದಿ, ಅದರ ಕೆಳಗೆ ತಮ್ಮ ಮಾತನ್ನೂ ಸೇರಿಸಿ, ಬಳಗ ಬೆಳೆಸಿಕೊಳ್ಳುವ ಏರ್ಪಾಡು ಅದು. ಒಂದು ಕಂಪ್ಯೂಟರಿನಿಂದ ಆರಂಭವಾದದ್ದು ಎರಡಾಯಿತು, ಹಲವಾಯಿತು. ಆದರೂ ಜನ ಬಂದಷ್ಟೂ ಯಂತ್ರ ತೆವಳತೊಡಗಿತು. 2001ರ ಸೆಪ್ಟೆಂಬರಿನಲ್ಲಿ ಬಾಗಿಲಿಗೆ ಅಗುಳಿ ಹಾಕಬೇಕಾಯಿತು. ಹಳೆಯ ಸದಸ್ಯರು ಕರೆಯೋಲೆ ಕೊಟ್ಟರೆ, ಇಲ್ಲವೆ ಹಣ ತೆತ್ತರೆ ಮಾತ್ರ ಹೊಸಬರಿಗೆ ಪ್ರವೇಶ. ಈ ಕಟ್ಟಳೆ 2003ರ ಡಿಸೆಂಬರಿನವರೆಗೆ ನಡೆಯಿತು. ಮದುವೆಮನೆಯಲ್ಲಿ ಎಲೆ ಸಾಲದಾದಾಗ ಪಂಕ್ತಿಯನ್ನು ತಡೆದು ನಿಲ್ಲಿಸುವುದುಂಟಲ್ಲ, ಹಾಗೆ.

ಅಷ್ಟರೊಳಗೆ, 2003ರ ಮೇ ತಿಂಗಳಲ್ಲಿ, ಫಿಟ್ಸ್‌ಪ್ಯಾಟ್ರಿಕ್ ‘ಮೆಮ್‌ಕ್ಯಾಶ್‌ಡಿ’ ಎಂಬ ಹೊಸ ಉಪಾಯವೊಂದನ್ನು ಹೂಡಿದನು. ಪುಟವೊಂದನ್ನು ಕೇಳಿದಾಗಲೆಲ್ಲ ಡಿಸ್ಕಿನೊಳಗಿನ ಡೇಟಾಬೇಸನ್ನು ಕೆದಕುವುದು ನಿಧಾನದ ಕೆಲಸ. ಆದರೆ ಹಲವು ಯಂತ್ರಗಳಲ್ಲಿ ಅಷ್ಟಿಷ್ಟು ನೆನಪಿನ ಜಾಗ ಬರಿದೇ ಬಿದ್ದಿರುತ್ತದೆ. ಅದನ್ನೆಲ್ಲ ಒಟ್ಟುಗೂಡಿಸಿ, ಪದೇ ಪದೇ ಕೇಳುವ ಸಂಗತಿಗಳನ್ನು ಅಲ್ಲಿಟ್ಟರೆ, ಶಾನುಭೋಗರು ಕಡತ ಬಿಚ್ಚದೆ ಬಾಯಿಂದಲೇ ಲೆಕ್ಕ ಒಪ್ಪಿಸಿದಂತೆ ಕೆಲಸ ಹಗುರವಾಗುತ್ತದೆ. ಮುಂದೆ ಫೇಸ್‌ಬುಕ್, ವಿಕಿಪೀಡಿಯಗಳೂ ಇದನ್ನೇ ಬಳಸಿದುವು. ಒಂದೇ ಕೊರತೆ: ವಿದ್ಯುತ್ತು ಹೋದರೆ ಈ ನೆನಪು ಪೂರ್ತಿ ಬರಿದು.

ವಿದ್ಯುತ್ತು ಹೋಗಿಯೂ ಹೋಯಿತು. 2005ರ ಜನವರಿ 14, ಶುಕ್ರವಾರ. ತಾಣವು ‘ಸಿಕ್ಸ್ ಅಪಾರ್ಟ್’ ಸಂಸ್ಥೆಯ ಕೈಸೇರಿದೆಯೆಂಬ ಪ್ರಕಟಣೆ ಅದೇ ತಿಂಗಳ ಮೊದಲ ವಾರದಲ್ಲಿ ಹೊರಟಿತ್ತು. ಬಾಡಿಗೆಗೆ ಹಿಡಿದಿದ್ದ ಯಂತ್ರಾಗಾರದಲ್ಲಿ ವಿದ್ಯುತ್ತು ಒಮ್ಮೆಲೇ ನಿಂತಿತು. ಅಂಥ ಕಟ್ಟಡಗಳಲ್ಲಿ, ಬೆಂಕಿ ಬಿದ್ದಾಗ ನಂದಿಸುವವರಿಗೆ ಅಪಾಯವಾಗದಿರಲೆಂದು, ಬ್ಯಾಟರಿಗಳ ಬೆಂಬಲವನ್ನೂ ಸೇರಿಸಿ ಎಲ್ಲವನ್ನೂ ಕಡಿದುಹಾಕುವ ಗುಂಡಿಯೊಂದಿರುತ್ತದೆ. ಬೇರೊಬ್ಬ ಬಾಡಿಗೆದಾರರ ಕಡೆಯವರಾರೋ ಅದನ್ನು ಒತ್ತಿದ್ದರು. ಯಾವ ಎಚ್ಚರಿಕೆಯೂ ತಡೆಯಲಾಗದ ಕತ್ತಲೆಯನ್ನು ಎಚ್ಚರಿಕೆಗೆಂದೇ ಇಟ್ಟ ಗುಂಡಿ ತಂದಿತು! ಲಕ್ಷಾಂತರ ಜನರ ದಿನಚರಿ ಬಾಯಿ ಮುಚ್ಚಿತು.

ದೀಪ ಹತ್ತಿದ ಮೇಲೆ ಎಲ್ಲವೂ ಸರಿಹೋಗಬೇಕಷ್ಟೆ ಎಂದು ವಾಚಕರು ಕೇಳಬಹುದು. ಸರಿಹೋಗಲಿಲ್ಲ. ನಿಜವಾದ ದುಡಿಮೆ ಆಮೇಲೆಯೇ ಮೊದಲಾಯಿತು, ಮರುದಿನಕ್ಕೂ ಬೆಳೆಯಿತು. ಇದರ ಕಾರಣವೇ ನನ್ನ ಕಥೆಯ ತಿರುಳು.

ಡೇಟಾಬೇಸು ಒಂದು ಸಾಲನ್ನು ಡಿಸ್ಕಿಗೆ ಕೊಟ್ಟು ‘ಇದನ್ನು ಬರೆದಾಯಿತೆ?’ ಎಂದು ಕೇಳುತ್ತದೆ. ಆಯಿತು ಎಂಬ ಉತ್ತರ ಬಂದ ಮೇಲೆಯೇ ಮುಂದಿನ ಹೆಜ್ಜೆ. ಈ ಒಂದು ಉತ್ತರದ ಮೇಲೆ ಇಡೀ ಶಾಸ್ತ್ರ ನಿಂತಿದೆ. ಆದರೆ ಎಷ್ಟೋ ಡಿಸ್ಕುಗಳು ಚುರುಕೆನ್ನಿಸಿಕೊಳ್ಳುವ ಆಸೆಯಿಂದ ಸುಳ್ಳು ಹೇಳುತ್ತವೆ. ಸಾಲು ಇನ್ನೂ ಅವುಗಳ ಕ್ಷಣಿಕ ನೆನಪಿನಲ್ಲೇ ಇರುವಾಗ ‘ಬರೆದಾಯಿತು’ ಎಂದುಬಿಡುತ್ತವೆ. ವಿದ್ಯುತ್ತು ಇರುವವರೆಗೆ ಈ ಸುಳ್ಳು ಹೊರಬೀಳದು. ಕತ್ತಲಾದ ಗಳಿಗೆಯಲ್ಲಿ ಅರ್ಧ ಹೊಸತು, ಅರ್ಧ ಹಳತು ಉಳಿದು ಲೆಕ್ಕ ತಾಳೆ ತಪ್ಪುತ್ತದೆ. ಯಾವ ಪುಸ್ತಕ ಸರಿ, ಯಾವುದು ಕೆಟ್ಟಿದೆ ಎಂದು ಒಂದೊಂದನ್ನೇ ನೋಡಬೇಕು.

ಆ ವರ್ಷವೇ ಫಿಟ್ಸ್‌ಪ್ಯಾಟ್ರಿಕ್ ಒಂದು ಪುಟ್ಟ ಪರೀಕ್ಷಾ ಪ್ರೋಗ್ರಾಮನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟನು. ಅದರ ಹೆಸರು ‘ಡಿಸ್ಕ್‌ಚೆಕರ್’. ನನಗೆ ಅವನ ದೊಡ್ಡ ಕೃತಿಗಳಿಗಿಂತ ಇದರ ಮೇಲೆಯೇ ಹೆಚ್ಚು ಮಮತೆ. ಒಂದು ಕಂಪ್ಯೂಟರು ಬರೆಯುತ್ತ ಹೋಗುತ್ತದೆ. ಡಿಸ್ಕು ‘ಆಯಿತು’ ಎಂದ ಪ್ರತಿಯೊಂದು ಮಾತನ್ನೂ ದೂರದ ಇನ್ನೊಂದು ಕಂಪ್ಯೂಟರಿಗೆ ಸಾಕ್ಷಿಯಾಗಿ ತಿಳಿಸುತ್ತದೆ. ನಡುವೆ ಮನುಷ್ಯನೊಬ್ಬ ಹೋಗಿ ಪ್ಲಗ್ಗನ್ನು ಕಿತ್ತುಬಿಡಬೇಕು. ಮತ್ತೆ ಹೊತ್ತಿಸಿ, ಡಿಸ್ಕಿನಲ್ಲಿರುವುದನ್ನೂ ಸಾಕ್ಷಿಯ ಹೇಳಿಕೆಯನ್ನೂ ಹೋಲಿಸಿದರೆ ಸುಳ್ಳು ಬಯಲಿಗೆ ಬರುತ್ತದೆ. ನ್ಯಾಯಸ್ಥಾನದ ಪದ್ಧತಿಯೇ ಅಲ್ಲವೆ?

ಇನ್ನೆರಡು ಚಿಕ್ಕ ತಾಣಗಳ ಗತಿ ಇಷ್ಟು ಸುಖಕರವಾಗಲಿಲ್ಲ. ‘ಜರ್ನಲ್‌ಸ್ಪೇಸ್’ ಎಂಬುದು 6 ವರ್ಷ ನಡೆದ ದಿನಚರಿಯ ತಾಣ. ಅವರು ನಂಬಿದ್ದುದು ಜೋಡಿ ಡಿಸ್ಕುಗಳನ್ನು. ಒಂದರಲ್ಲಿ ಬರೆದದ್ದು ತಕ್ಷಣ ಇನ್ನೊಂದರಲ್ಲೂ ಮೂಡುತ್ತಿತ್ತು. 2008ರ ಕೊನೆಯಲ್ಲಿ ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲೂ ಅಳಿಯಿತು. ಕನ್ನಡಿಗೆ ಮೂಲವನ್ನು ತಿದ್ದುವ ಅಧಿಕಾರವಿಲ್ಲ. ಮುಂದಿನ ತಿಂಗಳು, 2009ರ ಜನವರಿ 30ರಂದು, ಪುಟಗುರುತುಗಳನ್ನು ಹಂಚಿಕೊಳ್ಳುವ ‘ಮ್ಯಾಗ್ನೋಲಿಯಾ’ ತಾಣದ ಡೇಟಾಬೇಸು ಕೆಟ್ಟಿತು. ಅದು ಸುಮಾರು ಅರ್ಧ ಟೆರಾಬೈಟಿನದು. ಅಲ್ಲಿ ಬೇರೆ ಪ್ರತಿಯೂ ಇತ್ತು. ಆದರೆ ಕೆಟ್ಟ ಕಡತದ ಪ್ರತಿಯೂ ಕೆಟ್ಟದ್ದೇ. ಓಲೆಗರಿಗಳನ್ನು ಪ್ರತಿ ಮಾಡುತ್ತಿದ್ದ ನಮ್ಮ ಲಿಪಿಕಾರರ ಕೈಯಲ್ಲೂ ಮೂಲದ ತಪ್ಪು ಪ್ರತಿಗಳಿಗೆಲ್ಲ ಇಳಿಯುತ್ತಿತ್ತಲ್ಲ! ತಜ್ಞರಿಗೆ ಡಿಸ್ಕನ್ನು ಒಪ್ಪಿಸಿದರೂ ಫಲ ದೊರೆಯಲಿಲ್ಲ.

ಕೆಲವು ಸದಸ್ಯರಿಗೆ ಮಾತ್ರ ತಮ್ಮ ಗುರುತುಗಳು ಒಂದಷ್ಟು ಮರಳಿ ದೊರಕಿದುವು. ಹುಡುಕುಯಂತ್ರಗಳು ಎಂದೋ ತೆಗೆದಿಟ್ಟುಕೊಂಡಿದ್ದ ಪುಟಗಳಿಂದಲೂ, ಬೇರೆ ತಾಣಗಳು ಎಳೆದುಕೊಂಡಿದ್ದ ಚೂರುಗಳಿಂದಲೂ ಆಯ್ದು ಜೋಡಿಸಿದ್ದು. ‘ಗ್ನೋಲಿಯಾ’ ಎಂಬ ಮೊಟಕು ಹೆಸರಿನಲ್ಲಿ ತಾಣವು ಅದೇ ವರ್ಷ ಮತ್ತೆ ತೆರೆಯಿತು. 2010ರ ಕೊನೆಯ ಹೊತ್ತಿಗೆ ಅದೂ ಮುಚ್ಚಿತು.